ಅಂಜುಬುರುಕ ಉಪದೇಶಿ

ಕೂಡ್ಲಿಗಿಯ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ನಾನೇ ಉಪದೇಶಿ. ‘ದೇವರೊಬ್ಬನಿಗೇ ಭಯಪಡಿರಿ’ ಎಂದು ಭಾನುವಾರ ಮೇಜು ಗುದ್ದಿ ಬೋಧಿಸುವ ನಾನು, ಉಳಿದ ಆರು ದಿನ ಉಳಿದೆಲ್ಲದಕ್ಕೂ ಭಯಪಡುತ್ತೇನೆ. ಮೂಲೆಮನೆಯ ನಾಯಿಗೆ ಅಂಜಿ ಸಂತೆಗೆ ಸುತ್ತುದಾರಿ ಹಿಡಿಯುತ್ತೇನೆ. ತಹಶೀಲ್ದಾರರ ಜೀಪು ಕಂಡರೆ, ಒಳಗೆ ಬರೀ ಡ್ರೈವರ್ ಇದ್ದರೂ, ಸೈಕಲ್ ಇಳಿದು ಕೈಮುಗಿಯುತ್ತೇನೆ. ಪ್ರಾರ್ಥನೆಗೆ ಕೂತರೆ ಮಾತ್ರ ಆಕಳಿಕೆ. “ಜೀಪಿಗೆ ಕೈ ಮುಗೀತೀರಿ, ದೇವರ ಮುಂದ ತೂಕಡಿಸ್ತೀರಿ. ಆತ ಏನು ನಿಮ್ಮ ದೋಸ್ತನೇನ್ರಿ?” ಎಂದು ಹೆಂಡತಿ ಕರುಣಮ್ಮ ಕೇಳುತ್ತಲೇ ಇರುತ್ತಾಳೆ. ಹೋದ ವರ್ಷ ನಮ್ಮ ಸಭೆಯ ಲಾರಿ ಡ್ರೈವರ್ ಸಂಪತ್ತಪ್ಪ ಏಡ್ಸ್ ಆಗಿ ತೀರಿಕೊಂಡ. ಮೈ ತೊಳೆದು ಪೆಟ್ಟಿಗೆಯಲ್ಲಿಡಲು ಒಬ್ಬರೂ ಹೊಸ್ತಿಲು ದಾಟಲಿಲ್ಲ. ನಾನೂ ಮೆಲ್ಲಗೆ ಸೈಕಲ್ ತಿರುಗಿಸಿದ್ದೆ. ಅಷ್ಟರಲ್ಲಿ ಅವನ ತಾಯಿ ಬಾಗಿಲಿಗೆ ಬಂದು, “ಉಪದೇಶಿಗಳು ಬಂದ್ರಲ್ಲ, ಇನ್ನ ನನಗ ಚಿಂತಿಲ್ಲ,” ಎಂದಳು. ದೇವರೂ ಅದನ್ನು ಕೇಳಿಸಿಕೊಂಡನಲ್ಲ ಎಂದು ನನಗೆ ಮೊದಲ ಸಲ ನಿಜವಾಗಿ ದೇವರ ಅಂಜಿಕೆಯಾಯಿತು. ಅಂಗಿಯ ತೋಳು ಮಡಚಿ ಒಳಗೆ ಹೋದೆ. ನೀರು ಚೆಲ್ಲಿತು, ಆದರೂ ಪೂರ್ತಿ ತೊಳೆದೆ. ಹೊರಗೆ ಬಂದಾಗ ಜನ, “ಅಂಜಿಕಿ ಆಗಲಿಲ್ಲೇನ್ರಿ?” ಎಂದರು. “ಆತು, ಅದಕ್ಕ ಒಳಗ ಹೋದೆ,” ಎಂದೆ. ಮನೆಗೆ ಮರಳುವಾಗ ನಾಯಿಗೆ ಅಂಜಿ ಮತ್ತೆ ಸುತ್ತುದಾರಿಯನ್ನೇ ಹಿಡಿದೆ.