ಎಳೆಯುವುದು, ಇಳಿಯುವುದು

ಮೆಕ್ಯಾನಿಕ್ ಮಾವನ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಯಾವ ಕಾಲದಲ್ಲೋ ಕುದಿಯುವ ಗೇರ್ ಎಣ್ಣೆ ಚೆಲ್ಲಿ ಬೆಂದ ಕೈ ಅದು. ವಾಸಿಯಾದ ಮೇಲೆ ಚರ್ಮ ತಿಕ್ಕಿ ತೊಳೆದ ತಟ್ಟೆಯಷ್ಟು ನಯವಾಗಿತ್ತು. "ಕೈ ನೋಡಿ ಶಾಸ್ತ್ರ ಏಳೋನು ಒಬ್ಬ ಬಂದಿದ್ದ. ನನ್ನ ಕೈ ಇಡಿದು ನೋಡ್ಬುಟ್ಟು ಎದ್ದು ಓಗೇಬುಟ್ಟ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಆ ಕೈಯನ್ನು ಗೇರ್ ಲಿವರ್ ಪಕ್ಕಕ್ಕೆ ಒರಗಿಸಿ, ಕಣ್ಣು ಅರೆ ಮುಚ್ಚಿ ಕೂತರೆ ಕಾರಿನ ಹೊಟ್ಟೆಯೊಳಗೆ ನಡೆಯುವುದೆಲ್ಲ ಅವರಿಗೆ ತಿಳಿಯುತ್ತಿತ್ತು. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಪಕ್ಕದಲ್ಲಿ ಕೂತು ಕಂಡದ್ದು.

ಧರ್ಮಪುರಿಯಿಂದ ಪೆನ್ನಾಗರಂಗೆ ಹೋಗುವ ರಸ್ತೆಯಲ್ಲಿ ಎರಡು ಹುಣಸೆಮರಗಳ ನಡುವೆ ಅವರ ಗ್ಯಾರೇಜು. ಸುತ್ತಮುತ್ತ ಕ್ಲಚ್ ತುಳಿಯದೆ ಓಡುವ ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ಬಿಚ್ಚುವ ಧೈರ್ಯ ಇದ್ದದ್ದು ಅವರೊಬ್ಬರಿಗೇ. ನಾನು ಅವರನ್ನು ಮಾವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಅವರದೂ ನಮ್ಮದೂ ಮನೆಯಲ್ಲಿ ಕನ್ನಡ ಆಡುವ, ಕುರಿ ಸಾಕಿದ ಕುಲ. ನಮ್ಮ ಕಡೆ ಮಾವ ಎನ್ನಲು ಅಷ್ಟು ಸಾಕು.

ನನಗೆ ಎಡಗಾಲಿನಲ್ಲಿ ಬಲವಿಲ್ಲ, ಮಗುವಾಗಿದ್ದಾಗಿನಿಂದ. ಅಯ್ಯೋ ಪಾಪ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಅವರ ಕೈಕಾಲು ಆಡಿಸಿ, ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಊರುಗಳೆಲ್ಲ ಬಸ್ಸಿಳಿದು ಇನ್ನೂ ದೂರ ನಡೆಯಬೇಕಾದಂಥವು. ಕ್ಲಚ್ ತುಳಿಯಲು ನನ್ನಿಂದಾಗದು. ಹಾಗಾಗಿ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಹುಡುಕಿ ಕೊಂಡಿದ್ದೆ. ಬ್ರೇಕು, ಆಕ್ಸಿಲರೇಟರು, ಎರಡಕ್ಕೂ ಬಲಗಾಲೇ ಸಾಕು. ಆ ಕಾರು ನನಗೆ ಬರೀ ಕಾರಾಗಿರಲಿಲ್ಲ, ನನ್ನ ಇನ್ನೊಂದು ಕಾಲಾಗಿತ್ತು.

ಅದೇ ಕೈಕೊಡಲು ಶುರುವಾಯಿತು. ಬೆಳಿಗ್ಗೆ ಹೊರಡುವಾಗ ಚೆನ್ನಾಗಿಯೇ ಇರುತ್ತಿತ್ತು. ಹಳ್ಳಿಯ ಗುಂಡಿ ರಸ್ತೆ ದಾಟಿ ಒಂದು ಕಡೆ ನಿಲ್ಲಿಸಿ ಮತ್ತೆ ಹೊರಟರೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮೈಗಳ್ಳನಂತೆ ಮೆಲ್ಲಗೆ ಉರುಳುತ್ತಿತ್ತು. ಸೇಲಂನ ಇಬ್ಬರು ಮೆಕ್ಯಾನಿಕ್‌ಗಳಿಗೆ ಫೋನಿನಲ್ಲೇ ವಿವರಿಸಿದೆ. ಗೇರ್‌ಬಾಕ್ಸಿನ ಒಳಗಿನ ಪ್ಲೇಟುಗಳೆಲ್ಲ ಸವೆದಿವೆ, ಇಷ್ಟು ಹಳೇ ಮಾಡೆಲ್ಲಿಗೆ ಸಾಮಾನು ಸಿಗುವುದಿಲ್ಲ, ಮಾರಿಬಿಡಿ ಎಂದರು ಇಬ್ಬರೂ. ಆಫೀಸಿನಲ್ಲಿ ಹೇಳಿದರೆ, "ಇಲ್ಲೇ ಕುರ್ಚಿ ಹಾಕಿಕೊಡ್ತೀವಿ, ಹಳ್ಳಿಗಳಿಗೆ ಬೇರೆಯವರು ಹೋಗ್ತಾರೆ" ಎಂದು ಬಹಳ ಪ್ರೀತಿಯಿಂದ ಅಂದರು. ಆ ಪ್ರೀತಿಗೇ ನನಗೆ ಅಳು ಬಂದದ್ದು. ಕುರ್ಚಿಯಲ್ಲಿ ಕೂರಬಾರದೆಂದೇ ಅಲ್ಲವೇ ನಾನು ಇಷ್ಟು ವರ್ಷ ಹೆಣಗಿದ್ದು.

ಕೊನೆಯ ಆಸೆಯಾಗಿ ಮಾವನ ಗ್ಯಾರೇಜಿಗೆ ಹೋದೆ. ಅಲ್ಲಿಯವರೆಗೆ ಅವರ ಪರಿಚಯವಿರಲಿಲ್ಲ. ಎಲ್ಲರಿಗೂ ಹೇಳಿದಂತೆ ಅವರಿಗೂ ಹೇಳಿದೆ: "ವಂಡಿ ಇಳಿಯಕ್ಕಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ತಮಿಳಿನಲ್ಲಿ ಗಾಡಿಗೆ ವಂಡಿ, ಎಳೆಯುವುದಕ್ಕೆ ಇಳುಕ್ಕಿರದು ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತ ನನ್ನ ಬಾಯಲ್ಲಿ ಎರಡೂ ಬೆರೆತು, ಎಳೆಯುವುದಿಲ್ಲ ಎನ್ನಬೇಕಾದದ್ದು ಇಳಿಯಕ್ಕಿಲ್ಲ ಎಂದಾಗಿಬಿಡುತ್ತದೆ. ತಮಿಳು ಕಿವಿಗೆ ಅದು ಎಳೆಯುವುದಿಲ್ಲ ಎಂದೇ ಕೇಳಿಸುತ್ತದೆ. ಕನ್ನಡ ಕಿವಿಗೆ ಬೇರೆಯೇ.

ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಎಳೆಯಕ್ಕಿಲ್ವೋ, ಇಳಿಯಕ್ಕಿಲ್ವೋ? ಅದ ಮೊದ್ಲು ಸರಿಯಾಗಿ ಏಳವ್ವ."

"ಎರಡೂ ಒಂದೇ ಅಲ್ವಾ?" ಎಂದೆ, ಸ್ವಲ್ಪ ಸಿಡುಕಿ.

"ಒಂದೇನಾ? ಎಳೆಯದ ಗಾಡಿ ಬ್ಯಾರೆ, ಇಳಿಯದ ಗೇರು ಬ್ಯಾರೆ. ನೀ ಕಾಲು ಒತ್ತಿದಾಗ ಇಂಜಿನ್ ಕಿರುಚ್ಕತದಾ, ಮುಲುಕ್ತದಾ?"

ನಾನು ಯೋಚಿಸಿದೆ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕಿರುಚುತ್ತಿರಲಿಲ್ಲ. ಭಾರ ಹೊತ್ತವರಂತೆ ಮುಲುಕುತ್ತಿತ್ತು. ಹಾಗೆಂದೆ.

"ಆಫ್ ಮಾಡಿ ಆನ್ ಮಾಡಿದ್ರೆ?"

"ಸ್ವಲ್ಪ ಹೊತ್ತು ಸರಿಹೋಗ್ತದೆ."

ಅವರ ಮುಖ ಅರಳಿತು. "ಹಂಗಾದ್ರೆ ಸವೆದಿಲ್ಲ ಕಣವ್ವ. ಸವೆದೋಗಿರೋದು ಕೀ ತಿರುವಿದ್ರೆ ಮತ್ತೆ ಬೆಳೀತದಾ? ಪ್ಲೇಟು ಸವೆದು ಜಾರ್ತಾ ಇದ್ರೆ ಇಂಜಿನ್ ಕಿರುಚ್ಕಂಡು ಗಾಡಿ ಅಲ್ಲೇ ನಿಂತಿರ್ತಿತ್ತು. ನಿಂದು ಮೂರ್ನೇ ಗೇರಲ್ಲೇ ಕುಂತುಬುಟ್ಟೈತೆ. ಒಂದಕ್ಕೆ ಇಳಿಯಕ್ಕಿಲ್ಲ, ಅದ್ಕೇ ಎಳೆಯಕ್ಕಿಲ್ಲ. ಅವ್ಳೋದಾನ್, ಅಷ್ಟೇಯ."

ನಾನು ಬಾಯಿ ತಪ್ಪಿ ಆಡಿದ ಮಾತಿನಲ್ಲೇ ಕಾಯಿಲೆ ಇತ್ತು. ಅದನ್ನು ಈ ಮನುಷ್ಯ ಹಾಗೇ ಎತ್ತಿಕೊಂಡಿದ್ದರು.

ಆಮೇಲೆ ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಗುಂಡಿ ಇರುವ ದಾರಿಯೇ ಬೇಕೆಂದು ಹಟ ಮಾಡಿ, ಕಲ್ಲು ಎದ್ದ ರಸ್ತೆಗೆ ತಿರುಗಿಸೆಂದರು. ಅವರ ಬಲಗೈ ಲಿವರ್ ಪಕ್ಕದಲ್ಲಿತ್ತು. ಒಂದು ಗುಂಡಿಗೆ ಚಕ್ರ ಇಳಿದೆದ್ದಾಗ, "ಇಕಾ, ಈಗ ಓಯ್ತು" ಎಂದರು. ನನಗೇನೂ ಗೊತ್ತಾಗಲಿಲ್ಲ. ನಿಲ್ಲಿಸಿ ಹೊರಡಿಸಿದರೆ ಕಾರು ಮುಲುಕಿತು. ಗ್ಯಾರೇಜಿಗೆ ಬಂದು ಕಾರಿನೊಳಗಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿದರು. ಆ ಸ್ಕ್ಯಾನರ್ ಎಂದರೆ ಅವರಿಗೆ ಬಲು ಹೆಮ್ಮೆ, ಜರಿ ಅಂಚಿನ ವಲ್ಲಿಯಲ್ಲಿ ಸುತ್ತಿಟ್ಟಿರುತ್ತಿದ್ದರು. ಗೇರ್‌ಬಾಕ್ಸಿನಿಂದ ಕಂಪ್ಯೂಟರಿಗೆ ಹೋಗುವ ತಂತಿಯತ್ತ ಅದು ಬೊಟ್ಟು ಮಾಡಿತು. ಕೆಳಗೆ ಮಲಗಿ ನೋಡಿದರೆ ತಂತಿಯೊಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಮೈ ಸುಲಿದುಕೊಂಡಿತ್ತು. ಕುಲುಕಿದಾಗ ಪಟ್ಟಿಗೆ ತಗಲುವುದು, ಕಂಪ್ಯೂಟರು ಗಾಬರಿಯಾಗಿ ಇದ್ದಬದ್ದ ಗೇರುಗಳನ್ನೆಲ್ಲ ಬಿಟ್ಟು ಮೂರನ್ನೇ ಹಿಡಿದು ಕೂರುವುದು. ಇದಕ್ಕೆ ನಾನು ಕಾರು ಮಾರಲು ಹೊರಟಿದ್ದೆ.

ಸೇಲಂನವರನ್ನು ನಾನು ಬೈಯತೊಡಗಿದಾಗ ಅವರು ತಡೆದರು. "ಅವ್ರು ತಪ್ಪು ಏಳಿಲ್ಲ. ಎಳೆಯಲ್ಲ ಅಂತ ನೀ ಏಳ್ದೆ, ಎಳೆಯದಕ್ಕೆ ಏನು ಮದ್ದೋ ಅದ ಏಳುದ್ರು. ನಮ್ಮಪ್ಪ ಕುರಿ ಕುಂಟಿದ್ರೆ ಕಾಲು ಇಡೀತಿರ್ಲಿಲ್ಲ. ಮೊದ್ಲು ಅದ ನಡೆಯಾಕೆ ಬುಟ್ಟು, ಇಂದೆ ನಿಂತು ನೋಡೋರು." ಹೇಳುತ್ತಲೇ ಆ ತಂತಿಗೆ ಟೇಪು ಸುತ್ತಿ, ಪಟ್ಟಿಯಿಂದ ದೂರ ಕಟ್ಟಿದರು. ನನ್ನ ಕಾಲಿನ ಬಗ್ಗೆ ಅಂದು ಒಂದು ಮಾತೂ ಕೇಳಲಿಲ್ಲ, ಎಂದೂ ಕೇಳಲಿಲ್ಲ.

ಆಮೇಲೆ ವರ್ಷಗಟ್ಟಲೆ ಹೋಗಿಬರುತ್ತಿದ್ದೆ. ಗೇರ್ ಎಣ್ಣೆ ನೋಡುವುದನ್ನು ಅವರೇ ಕಲಿಸಿದರು. ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬಿಡಬೇಕು. ಕೆಂಪಗಿದ್ದರೆ ನೆಮ್ಮದಿ, ಕಂದಾಗಿ ಸುಟ್ಟ ವಾಸನೆ ಬಂದರೆ ತಡ ಮಾಡಬಾರದು. ಗೇರು ಒದ್ದು ಬೀಳುವುದು ಬೇರೆ, ಜಾರುವುದು ಬೇರೆ, ತಡವಾಗಿ ಬೀಳುವುದು ಬೇರೆ. ಒಂದೊಂದಕ್ಕೂ ಒಂದೊಂದು ಹೆಸರಿಟ್ಟು ಮಾತಾಡು, ಎಲ್ಲವನ್ನೂ ರಿಪೇರಿ ಅನ್ನಬೇಡ ಎನ್ನುತ್ತಿದ್ದರು. ಆ ಮಾತು ನನ್ನ ಕೆಲಸಕ್ಕೂ ಬಂತು. ರೋಗಿಯೊಬ್ಬರು ಕಾಲು ಬರಲ್ಲ ಎಂದರೆ, ಎತ್ತಲಾಗುವುದಿಲ್ಲವೋ, ಊರಲಾಗುವುದಿಲ್ಲವೋ ಎಂದು ಈಗ ನಾನೂ ಕೇಳುತ್ತೇನೆ.

ಕೊನೆಗೆ ಮಾವನಿಗೇ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಆಗ ಅವರ ಮನೆ ನಾನು ಸುತ್ತುವ ಮನೆಗಳ ಪಟ್ಟಿಗೆ ಸೇರಿತು. ಮಂಗಳವಾರ ಮಂಗಳವಾರ ಹೋಗಿ ಕೈ ಮಡಿಸಿ ಬಿಡಿಸಿ ಮಾಡಿಸುತ್ತಿದ್ದೆ. ಹಟಮಾರಿ ಶಿಷ್ಯ. ಕೋಪ ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

ಒಂದು ದಿನ ಅವರ ಹೆಂಡತಿ, ನಮ್ಮತ್ತೆ, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ನಿನ್ನ ಗಾಡಿ ನಮ್ಮನೆ ಏರುದಾರಿಗೆ ತಿರುಗ್ತಿದ್ದಂಗೆ ಮಲಗಿದ್ದಂಗೇ ಎಡಗೈ ಎತ್ತಾರೆ ಕಣವ್ವ. ಮೂರು ಬೆರಳು ತೋರುಸ್ತಾರೆ, ಆಮೇಲೆ ಎರಡು, ನೀ ಬಾಗ್ಲಿಗೆ ಬರೋ ಒತ್ಗೆ ಒಂದು. ಏನೂಂತ ನಂಗೆ ತಿಳಿಯಕ್ಕಿಲ್ಲ. ಒಂದು ಆದ್ಮೇಲೆ ನಗ್ತಾರೆ."

ನನಗೆ ತಿಳಿಯಿತು. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಗೋಡೆಯಾಚೆ, ಹಾಸಿಗೆಯಲ್ಲಿ, ಅರ್ಧ ದೇಹ ಸತ್ತ ಮನುಷ್ಯ ನನ್ನ ಕಾರು ಗೇರು ಇಳಿಸುವುದನ್ನು ಕೇಳಿ, ಹುಡುಗಿ ಸುಖವಾಗಿ ಬಂದಳು ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಬೆಳಿಗ್ಗೆ ಅತ್ತೆಯಿಂದ ಫೋನ್ ಬಂತು. ಯಾರನ್ನೂ ಕರೆಯದೆ, ಯಾರ ಕೈಯನ್ನೂ ಹಿಡಿಯದೆ, ನಾನೇ ಓಡಿಸಿಕೊಂಡು ಹೋದೆ. ಅವರ ಮನೆಯ ಏರುದಾರಿಗೆ ತಿರುಗಿದಾಗ ರೇಡಿಯೋ ನಿಲ್ಲಿಸಿ ಕಿವಿಗೊಟ್ಟೆ. ಗೇರು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಮೆತ್ತಗೆ ಇಳಿಯಿತು. ಮನೆ ಬಾಗಿಲಲ್ಲಿ ಜನ ತುಂಬಿದ್ದರು. ನಾನು ಕಾರಿನಲ್ಲೇ ಕೂತು, ಸರಿಯಾಗಿ ಇಳೀತು ಮಾವ ಎಂದು ಗಟ್ಟಿಯಾಗಿಯೇ ಹೇಳಿ, ಬಾಗಿಲು ತೆಗೆದೆ.