ಗೇಟು ಮನೆಯ ಹೊಗೆಗೂಡು

ಸುಬಾಂಗ್ ಜಯಾದ ನಮ್ಮ ಬೀದಿಯ ಮಾಮಕ್ ಚಹಾ-ರೊಟ್ಟಿ ಅಂಗಡಿಯ ಹಿಂದೆ ಮೊನ್ನೆ ಯಾರೋ ತೆಂಗಿನ ಚಿಪ್ಪು ಹೊತ್ತಿಸಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಗೇಟು ಮನೆಯ ಅಕ್ಕ ನೆನಪಾದಳು...

ಹಳೆಯ ರಬ್ಬರ್ ಎಸ್ಟೇಟಿನ ಹೆಬ್ಬಾಗಿಲ ಪಕ್ಕ ಕಾವಲುಗಾರನಿಗೆಂದು ಕಟ್ಟಿದ ಮನೆ ಅದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು ನಾನು. ಅಂಥ ಬಡಾಯಿಯ ಮನೆ ಇನ್ನೆಲ್ಲೂ ನೋಡಿಲ್ಲ. ರಸ್ತೆಗೆ ಕಾಣುವ ಮೂರು ಗೋಡೆಗಳಿಗೆ ಗಾರೆಯ ಹೂಬಳ್ಳಿ, ಕಮಾನು ಕಿಟಕಿ. ಹಿಂದಿನ ಗೋಡೆ ಬರೀ ಇಟ್ಟಿಗೆ. ಮಾಡಿನ ಮೇಲೆ ಬಿಳಿ ದೊರೆ ತನ್ನೂರಿನ ನೆನಪಿಗೆ ಕಟ್ಟಿಸಿದ ಎತ್ತರದ ಹೊಗೆಗೂಡು. ಕೆಳಗೆ ಒಲೆಯೇ ಇಲ್ಲ! ಕಾವಲುಗಾರನ ಕೈಹಿಡಿದು ಬಂದ ಅಕ್ಕ ಮಾತ್ರ ಹಿತ್ತಿಲ ತಗಡಿನ ಚಪ್ಪರದಲ್ಲಿ ಕೆಮ್ಮುತ್ತ ಬೇಯಿಸಿದವಳು.

ಎಸ್ಟೇಟು ಕೊಂಡವರು ಆ ಮನೆಯನ್ನು ಕಾಫಿ ಅಂಗಡಿ ಮಾಡಲು ರಿಪೇರಿ ನನಗೆ ಒಪ್ಪಿಸಿದರು. ಗಂಡ ಹೆಂಡತಿ ಇಬ್ಬರೂ ತಮ್ಮ ಮಗಳ ಫ್ಲಾಟಿಗೆ ಹೊರಡಬೇಕಿತ್ತು. ಅವರದು ತಮಿಳು, ನನ್ನದು ಕನ್ನಡ, ಮಾತಿಗೇನೂ ತೊಂದರೆಯಾಗಲಿಲ್ಲ.

"ತಂಬಿ, ಹೋಗೋ ಮುಂಚೆ ಈ ಮನೆಯೊಳಗೆ ಅಡುಗೆ ಮಾಡ್ಬೇಕು. ಆ ಗೂಡಲ್ಲಿ ಹೊಗೆ ಬರೋದು ನೋಡ್ಬೇಕು," ಅಂದಳು ಅಕ್ಕ.

"ಅದು ಶೋಗೆ ಇರೋದು ಲಾ," ಅಂದ ಗಂಡ, ಇಲ್ಲಿನವರಂತೆ ಮಾತಿನ ಕೊನೆಗೆ 'ಲಾ' ಅಂಟಿಸಿ.

"ನೀವೂ ಶೋಗೇ ತಾನೇ ಇದ್ದಿದ್ದು, ಗೇಟಲ್ಲಿ ಮೀಸೆ ತಿರುವಿಕೊಂಡು!"

ಮಾಲೀಕರನ್ನು ಕೇಳಿದೆ. ಒಲೆ ಇದ್ದರೆ ಅಂಗಡಿಗೂ ಚಂದ ಎಂದು ಒಪ್ಪಿದರು. ಹೊಗೆಗೂಡನ್ನು ತಟ್ಟಿ ನೋಡಿದರೆ ಒಳಗೆಲ್ಲ ಟೊಳ್ಳು. ಕೆಳಗಿನ ಗೋಡೆ ಒಡೆದು ಒಲೆ ಕಟ್ಟಿದೆ. ಮೊದಲ ಸಲ ಹೊಗೆಯೆಲ್ಲ ಕೋಣೆಗೇ ನುಗ್ಗಿತು.

"ಏನ್ ತಂಬಿ, ಚಪ್ಪರಾನೇ ಒಳಗೆ ತಂದ್ಬಿಟ್ಯಲ್ಲ!" ಅಕ್ಕ ಕೆಮ್ಮುತ್ತಲೇ ನಕ್ಕಳು.

ನಾನು ಬಿಡುವವನೇ? ಮೇಲೆ ಹತ್ತಿ ಒಳಗಿದ್ದ ಹಕ್ಕಿಗೂಡು ಕಿತ್ತೆ, ಒಲೆಯಿಂದ ಹೊಗೆ ಏರುವ ಗಂಟಲನ್ನು ಕಿರಿದು ಮಾಡಿದೆ. ಈ ಸಲ ತೆಂಗಿನ ಚಿಪ್ಪಿಗೆ ಬೆಂಕಿ ತಾಗಿದ್ದೇ ಹೊಗೆ ನೆಟ್ಟಗೆ ಏರಿತು.

ಅಕ್ಕ ಮೀನಿನ ಸಾರನ್ನು ಕುದಿಯಲು ಬಿಟ್ಟು ಗೇಟಿನಾಚೆ ಓಡಿದಳು. ರಸ್ತೆಯಲ್ಲಿ ನಿಂತು, ಕಾರಿನಲ್ಲಿ ಬಂದವರು ಇಷ್ಟು ವರ್ಷ ನೋಡುತ್ತಿದ್ದ ಹಾಗೆಯೇ, ತನ್ನ ಮನೆಯನ್ನು ತಾನೇ ನೋಡಿದಳು...

"ಸಾರು ತಳ ಹಿಡೀತಿದೆ!" ಗಂಡ ಒಳಗಿನಿಂದ ಕೂಗಿದ.

"ನೀವೇ ಕೈಯಾಡಿಸಿ! ನಾನು ನೋಡ್ತಾ ಇದ್ದೀನಿ."

ತಳ ಹಿಡಿದ ಸಾರನ್ನೇ ಮೂವರೂ ಉಂಡೆವು. ಮನೆ ಬಿಡುವವರೆಗೂ ಅಕ್ಕ ಅಲ್ಲೇ ಬೇಯಿಸಿದಳು.

ಅವಳು ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. ನಿನ್ನೆ ಆ ಗೇಟು ಮನೆಗೆ ಹೋಗಿ ಕಾಫಿ ಕುಡಿದೆ. ಗಾರೆ ಎಲ್ಲೂ ಬಿರುಕು ಬಿಟ್ಟಿಲ್ಲ. ನನ್ನ ಕೆಲಸ ಹಾಗೇ. ಒಲೆಯಲ್ಲಿ ಮಾತ್ರ ಈಗ ಹೂವಿನ ಕುಂಡ. ಬಗ್ಗಿ ಹೊಗೆಗೂಡಿನೊಳಗೆ ಕೈ ಚಾಚಿದೆ. ಬೆರಳಿಗೆ ಮಸಿ ಹತ್ತಿತು.

"ಅಂಕಲ್, ಟಿಶ್ಯೂ ಬೇಕಾ?" ಎಂದಳು ಕಾಫಿ ತಂದ ಹುಡುಗಿ.

ಬೇಡ ಎಂದೆ.