ನಾನು ಆರಿಸಿದ ಹಿತ್ತಾಳೆ ವಾಲ್ವು

ನನ್ನ ಕೈಗೆ ನಾಲಿಗೆಗಿಂತ ಅವಸರ ಜಾಸ್ತಿ. ಹೊನ್ನಾವರದಲ್ಲಿ ಮೀನಿನ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಇದು ಎಲ್ಲರಿಗೂ ಗೊತ್ತು. ಬಲೆ ಹರಿದವನ ಕೆನ್ನೆಗೆ ಬಿಟ್ಟಿದ್ದೇನೆ, ಐಸು ಕಡಿಮೆ ಹಾಕಿದವನ ಬುಟ್ಟಿಯನ್ನು ಒದ್ದು ನೀರಿಗೆ ಬೀಳಿಸಿದ್ದೇನೆ. ಇಷ್ಟಾದರೂ ನನ್ನ ತಮ್ಮ ಹದಿನೆಂಟು ವರ್ಷ ನನ್ನ ಬೋಟಿನಲ್ಲೇ ಇದ್ದ. ನಾನು ತಾಂಡೇಲ, ಅಂದರೆ ಮೇಲೆ ಚುಕ್ಕಾಣಿ ಹಿಡಿಯುವವನು. ಅವನು ಕೆಳಗೆ ಎಂಜಿನ್ ನೋಡಿಕೊಳ್ಳುವವನು. ಅವನು ನನ್ನ ಜೊತೆ ಉಳಿಯುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಮೊದಲ ಸಲ ಹುಟ್ಟಿದ್ದು ಎರಡು ವಾಲ್ವುಗಳಿಂದ.

ನಮ್ಮ ಮರದ ಬೋಟಿನ ತಳದಲ್ಲಿ ಎರಡು ತೂತುಗಳಿವೆ. ಒಂದರಿಂದ ಎಂಜಿನ್ನನ್ನು ತಣ್ಣಗಿಡುವ ಕಡಲನೀರು ಒಳಗೆ ಬರುತ್ತದೆ, ಇನ್ನೊಂದರಿಂದ ಮೀನು ತೊಳೆಯುವ ನೀರು. ಎರಡಕ್ಕೂ ಒಂದೊಂದು ಚಕ್ರದ ವಾಲ್ವು. ಆ ಜಾಗದಲ್ಲಿ ಕಡಲಿಗೂ ನಮಗೂ ನಡುವೆ ಇರುವುದು ಮುಷ್ಟಿಯಷ್ಟು ಲೋಹ ಮಾತ್ರ. ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆಗಿ ಬೋಟು ದಡಕ್ಕೆ ಎಳೆದಾಗ, ಹಳೆಯವೆರಡೂ ಸವೆದು ಹೋಗಿದ್ದವು. ತಮ್ಮ ಭಟ್ಕಳ ಬಂದರಿನ ಹತ್ತಿರದ ಬೋಟು ಸಾಮಾನಿನ ಅಂಗಡಿಯಿಂದ ಒಂದು ಕಂಚಿನ ವಾಲ್ವು ತಂದ. ಹಳೆಯದು, ಕರ್ರಗೆ, ಮೈತುಂಬ ಗೀರು. ಅಷ್ಟರಲ್ಲಿ ನಾನು ಕುಮಟೆಯ ಪೈಪಿನ ಅಂಗಡಿಯಿಂದ ಹೊಚ್ಚ ಹೊಸ ಹಿತ್ತಾಳೆಯದನ್ನು ತಂದಾಗಿತ್ತು. ಮದುಮಗನ ಉಂಗುರದ ಹಾಗೆ ಹೊಳೆಯುತ್ತಿತ್ತು. ಅಂಗಡಿಯವನು "ಮನೆ ಟಾಂಕಿಗೆ ಅಲ್ದಾ?" ಎಂದು ಕೇಳಿದ್ದ. ಬೋಟಿನ ಪುರಾಣ ಇವನಿಗೆ ಎಂತಕ್ಕೆ ಎಂದು ಹೂಂ ಅಂದಿದ್ದೆ.

"ಅಣ್ಣ, ಕಂಚಿಂದು ಒಂದೇ ಸಿಕ್ತು. ಅದನ್ನ ಎಂಜಿನ್ನಿಗೆ ಹಾಕ್ವ," ಎಂದ ತಮ್ಮ.

"ಗುಜರಿ ಸಾಮಾನು ಎಂಜಿನ್ನಿಗಾ? ಹೊಸದು ಎಂಜಿನ್ನಿಗೆ. ನಿಂದು ಮೀನು ತೊಳೆಯೂಕೆ."

"ಹಿತ್ತಾಳೆ ಉಪ್ಪುನೀರಿಗೆ ಬಾಳೂದಿಲ್ಲ ಅಣ್ಣ."

"ನಾ ಹೇಳಿ ಆತು," ಎಂದೆ. ಅಲ್ಲಿಗೆ ಮಾತು ಮುಗಿಯಿತು.

ವಾಲ್ವು ಕೂರಿಸಿದ್ದು ಅವನೇ. ನಾನು ಬಲೆಯ ಕೆಲಸದಲ್ಲಿದ್ದೆ. ಬೋಟು ನೀರಿಗೆ ಇಳಿಸುವ ಮೊದಲು ನಮ್ಮಲ್ಲಿ ಒಳಗಿನ ಪೈಪು, ನಟ್ಟು, ಚಕ್ರ ಒಂದನ್ನೂ ಬಿಡದೆ ಬೆಳ್ಳಿಬಣ್ಣ ಬಳಿಯುತ್ತಾರೆ. ಬಣ್ಣ ಕಾಣದ ಸಾಮಾನು ಬೋಟಿಗೆ ಶೋಭೆಯಲ್ಲ ಎಂದು ಹಿರಿಯರ ಮಾತು. ಅದರ ಮೇಲೆ ಅರಿಶಿನ, ಕುಂಕುಮ. ಪೂಜೆಯ ದಿನ ಕೆಳಗಿಳಿದು ನೋಡಿದರೆ ಎರಡು ವಾಲ್ವುಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು. ಯಾವುದು ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ದಡದಿಂದ ಎರಡು ತಾಸಿನ ದೂರದಲ್ಲಿ, ಎಂಜಿನ್ ಕಾಯತೊಡಗಿತು. ನೀರಿನ ಜಾಲರಿಗೆ ಪ್ಲಾಸ್ಟಿಕ್ಕು ಸಿಕ್ಕಿರಬೇಕೆಂದು ತಮ್ಮ ಎಂಜಿನ್ ನಿಲ್ಲಿಸಿ ವಾಲ್ವು ಮುಚ್ಚಲು ಹೋದ. ಕೂಗು ಕೇಳಿ ಬಗ್ಗಿ ನೋಡಿದೆ. ವಾಲ್ವು ಕುತ್ತಿಗೆಯಲ್ಲೇ ಮುರಿದು ಅವನ ಕೈಗೆ ಬಂದಿತ್ತು. ತೂತಿನಿಂದ ನುಗ್ಗಿದ ನೀರು ಮುಖಕ್ಕೆ ಗುದ್ದಿ, ಹಿಂದೆ ಸರಿದವನ ತೋಳು ಕಾದ ಎಂಜಿನ್ನಿಗೆ ತಾಗಿ ಚರ್ಮ ಸುಲಿದು ಬಂತು. ಅವನು ಉಟ್ಟ ಲುಂಗಿಯನ್ನೇ ಬಿಚ್ಚಿ ತೂತಿಗೆ ತುರುಕಿದ, ಅದರ ಮೇಲೆ ಹಿಮ್ಮಡಿ ಒತ್ತಿ, ಹಲಗೆಗೆ ಬೆನ್ನು ಕೊಟ್ಟು ಕುಳಿತ. ನಾವು ಬಕೆಟ್ಟಿನಲ್ಲಿ ನೀರು ಮೊಗೆದೆವು. ಪಕ್ಕದ ಬೋಟಿನವರು ಹಗ್ಗ ಕೊಟ್ಟು ಶರಾವತಿ ಅಳಿವೆಯವರೆಗೂ ಎಳೆದು ತಂದರು. ಅಷ್ಟು ಹೊತ್ತೂ ಅವನು ಕಾಲು ತೆಗೆಯಲಿಲ್ಲ.

ದಕ್ಕೆಗೆ ಬಂದ ಮೇಲೆ ಇಬ್ಬರು ಅವನನ್ನು ಎತ್ತಿ ಮೇಲೆ ತಂದರು. ಹಿಮ್ಮಡಿ ಸೀಳಿ ರಕ್ತ ಸುರಿಯುತ್ತಿತ್ತು, ನಿಲ್ಲಲು ಆಗುತ್ತಿರಲಿಲ್ಲ. ನನಗೆ ಕಂಡದ್ದು ಮುರಿದ ವಾಲ್ವು ಒಂದೇ. "ನಾ ಬ್ಯಾಡ ಅಂದದ್ದನ್ನೇ ಎಂಜಿನ್ನಿಗೆ ಹಾಕಿದ್ಯಲ್ಲ! ಎಂಟು ಜನರ ಜೀವ ತೆಗೀತಿದ್ಯಲ್ಲ!" ಎಂದು ಆ ವಾಲ್ವು ಹಿಡಿದ ಮುಷ್ಟಿಯಿಂದಲೇ ಅವನ ಬಾಯಿಗೆ ಹೊಡೆದೆ. ಎರಡು ಹಲ್ಲು ಮುರಿದವು. ತುಟಿ ಮೂಗಿನವರೆಗೆ ಸೀಳಿತು. ಬಿದ್ದವನು "ಅಣ್ಣ, ಅದು..." ಎಂದ. ಪಕ್ಕೆಗೆ ಒದ್ದೆ. ಮೀನು ಆರಿಸುತ್ತಿದ್ದ ಹೆಂಗಸರು ಬಂದು ನನ್ನನ್ನು ಎಳೆದು ಹಾಕಿದರು. ಒಬ್ಬಳು ನನ್ನ ಮುಖಕ್ಕೆ ಉಗಿದಳು.

ಮರುದಿನ ಮುರಿದ ವಾಲ್ವು ಕಟ್ಟಿಕೊಂಡು ಭಟ್ಕಳಕ್ಕೆ ಹೋದೆ. ತಮ್ಮನಿಗೆ ಗುಜರಿ ಕೊಟ್ಟ ಅಂಗಡಿಯ ಸಾಹೇಬರಿಗೂ ಎರಡು ಬಿಗಿಯುವುದು, ಆಮೇಲೆ ಹೊಸದು ತರುವುದು ಎಂದು ಲೆಕ್ಕ. ಎಪ್ಪತ್ತು ದಾಟಿದ ಸಾಹೇಬರು ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು ವಾಲ್ವಿಗೆ ಅರ ಹಾಕಿದರು. ಬೆಳ್ಳಿಬಣ್ಣ ಹೋಯಿತು, ಅದರಡಿ ಸ್ವಲ್ಪ ಹಳದಿ ಕಂಡಿತು, ಮುರಿದ ಜಾಗದಲ್ಲಿ ನಸುಗೆಂಪು ಪುಡಿ ಉದುರಿತು.

"ತಾಂಡೇಲ್ರೇ, ಇದು ನಲ್ಲಿ ನೀರಿನ ಹಿತ್ತಾಳೆ. ಒಳಗಿದ್ದ ಸತುವನ್ನ ಕಡಲು ತಿಂದು ಹಾಕಿದೆ. ನಿಮ್ಮ ತಮ್ಮ ತಗೊಂಡು ಹೋದದ್ದು ಇದಲ್ಲ."

"ಸುಳ್ಳು!" ಎಂದು ಅವರ ಕಾಲರ್ ಹಿಡಿದೆ.

ಅವರು ಕೈ ಬಿಡಿಸಿಕೊಳ್ಳಲೂ ಇಲ್ಲ. "ಹೊಡೀತೀರಾ? ಹೊಡೀರಿ. ಹಿತ್ತಾಳೆ ಕಂಚಾಗೂದಿಲ್ಲ."

ನನ್ನ ಕೈ ತಾನಾಗಿ ಸಡಿಲಾಯಿತು. ಸಾಹೇಬರು ಕಾಲರ್ ಸರಿಮಾಡಿಕೊಂಡು ನಾಲ್ಕು ವಾಲ್ವು ತಂದು ಮುಂದಿಟ್ಟು, ಅರ ನನ್ನ ಕೈಗೆ ಕೊಟ್ಟರು. ಒಂದೊಂದನ್ನೂ ಗೀರಿ ಬಣ್ಣ ನೋಡಿದೆ, ತೂಗಿದೆ, ಚಕ್ರ ತಿರುಗಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಆ ಬುದ್ಧಿ. ಕುಮಟೆಯಲ್ಲೇ ಮಾಡಬೇಕಿದ್ದ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಕಂದುಗೆಂಪಿನ, ಕೈಗೆ ಭಾರ ಬಂದ ಒಂದನ್ನು ತೆಗೆದುಕೊಂಡೆ.

ವಾಪಸು ಬಂದು ಬೋಟಿಗಿಳಿದು ಮೀನು ತೊಳೆಯುವ ವಾಲ್ವನ್ನು ಚಾಕುವಿನಿಂದ ಕೆರೆದೆ. ಬಣ್ಣದ ಕೆಳಗೆ ಅದೇ ಕರ್ರಗಿನ ಕಂಚು, ಅವೇ ಗೀರುಗಳು. ತಮ್ಮ ನನ್ನ ಮಾತು ಮೀರಿರಲಿಲ್ಲ.

ಅವನ ಮನೆಗೆ ಹೋದೆ. ತುಟಿಗೆ ಹೊಲಿಗೆ ಹಾಕಿದ್ದರು, ಮುಖ ಬಾತು ಒಂದು ಕಣ್ಣು ಮುಚ್ಚಿತ್ತು. ಹೊಸ ವಾಲ್ವು ಅವನ ಮುಂದಿಟ್ಟು, "ನಂಗೆ ಹೊಡಿ," ಎಂದೆ. ಅವನು ವಾಲ್ವನ್ನು ತಿರುಗಿಸಿ ನೋಡಿ, "ಇದು ಅಡ್ಡಿಲ್ಲ," ಎಂದ.

"ತಪ್ಪು ಅಂತ ಗೊತ್ತಿದ್ದೂ ಆವತ್ತು ನಾ ಹೇಳಿದ್ದನ್ನೇ ಎಂತಕ್ಕೆ ಹಾಕ್ದೆ?" ಎಂದು ಕೇಳಿದೆ.

"ಹಾಕ್ದೆ ಇದ್ರೆ ನೀನು ಆವತ್ತೇ ಹೊಡೀತಿದ್ದೆ," ಎಂದ.

ಹೊಲಿಗೆ ಬಿಚ್ಚಿದ ಮೇಲೆ ಕುಂಟುತ್ತ ಬಂದು ವಾಲ್ವು ಕೂರಿಸಿದ್ದು ಅವನೇ. ಬಣ್ಣದ ಡಬ್ಬಿ ತಂದವನನ್ನು ವಾಪಸು ಕಳಿಸಿದ. ನೀರು ಬಿಟ್ಟು, ಸುತ್ತಲೂ ಬೆರಳಾಡಿಸಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡು "ಆತು," ಎಂದ. ಕೈ ಒರೆಸಿಕೊಂಡು ದಕ್ಕೆಗೆ ಹತ್ತಿದ. ಈಗ ಭಟ್ಕಳದ ಒಂದು ಬೋಟಿನಲ್ಲಿದ್ದಾನೆ.

ನನ್ನ ಎಂಜಿನ್ನಿಗೆ ಬೇರೆಯವನು ಬಂದಿದ್ದಾನೆ. ಒಳ್ಳೆಯ ಕೆಲಸಗಾರ. ದಕ್ಕೆಯಲ್ಲಿ ನಡೆದದ್ದನ್ನು ಅವನೂ ಕಂಡವನೇ. ನಾನು ಏನು ಹೇಳಿದರೂ "ಹೂಂ" ಅನ್ನುತ್ತಾನೆ. ಆ ಹೂಂ ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಚುಕ್ಕಾಣಿ ಬೇರೊಬ್ಬನಿಗೆ ಕೊಟ್ಟು, ಕೆಳಗಿಳಿದು, ವಾಲ್ವು ಮುಟ್ಟಿ ನೋಡಿ ಬರುತ್ತೇನೆ.